ಒಂದು ಸೆಕೆಂಡಿಗೆ ಇಟ್ಟರೆ ನಿಂತುಬಿಡುವ ಶಟರ್

ನನ್ನ ಹಳೇ ಫಿಲಂ ಕ್ಯಾಮೆರಾದಲ್ಲಿ ಫಿಲಂಗೆ ಬೆಳಕು ಬಿಡುವ ಶಟರನ್ನು ಒಂದು ಸೆಕೆಂಡಿಗೆ ಇಟ್ಟರೆ ಕೆಲವೊಮ್ಮೆ ಅರ್ಧದಲ್ಲೇ ನಿಂತುಬಿಡುತ್ತದೆ. ಸುಮಾರು ದಿನ ಮುಟ್ಟದೆ ಬಿಟ್ಟಾಗ ಇದು ಜಾಸ್ತಿ. ಒಳಗಿನ ಹಲ್ಲುಚಕ್ರಗಳು ಝರ್ರ್ ಅಂತ ಶುರುವಾಗುತ್ತವೆ, ಸದ್ದು ಎಳೆಯುತ್ತಾ ಹೋಗುತ್ತದೆ, ಆಮೇಲೆ ಏನೂ ಇಲ್ಲ. ಒಳಗಿನ ಕನ್ನಡಿ ಮೇಲೇ ಉಳಿದು, ಕಣ್ಣಿಟ್ಟು ನೋಡುವ ಫೈಂಡರ್ ಪೂರ್ತಿ ಕಪ್ಪು.

ಶಟರ್ ಮುಚ್ಚುವುದನ್ನು ತಡ ಮಾಡಿಸುವುದೇ ಆ ಚಕ್ರಗಳ ಕೆಲಸ. ಅವುಗಳಿಗೆ ಹಚ್ಚಿದ ಗ್ರೀಸು ಇಷ್ಟು ವರ್ಷಗಳಲ್ಲಿ ಒಣಗಿ ಅಂಟಾಗಿದೆ. 1/125 ಸೆಕೆಂಡಿನಲ್ಲಿ ಅವುಗಳ ಹಂಗೇ ಇಲ್ಲ, ಅದಕ್ಕೇ ಹಗಲು ತೆಗೆಯುವ ಫೋಟೋಗಳಿಗೆ ಏನೂ ಆಗುವುದಿಲ್ಲ. ರೋಲ್ ಹಾಕುವ ಮೊದಲು ಖಾಲಿ ಕ್ಯಾಮೆರಾದಲ್ಲೇ ನಿಧಾನದ ಸ್ಪೀಡುಗಳನ್ನು ನಾಲ್ಕಾರು ಸಲ ಓಡಿಸುತ್ತೇನೆ. ಸದ್ದು ಒಂದೇ ಸಮನಾಗುವುದು ಕಿವಿಗೇ ಗೊತ್ತಾಗುತ್ತದೆ. ಅನುಮಾನ ಬಂದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡುತ್ತೇನೆ. ತೆರೆದ ಸದ್ದು, ಮುಚ್ಚಿದ ಸದ್ದು ಎರಡೂ ಬೇರೆ ಬೇರೆ ಏಳುತ್ತವೆ, ನಡುವಿನ ಅಂತರ ಅಳೆದರೆ ಆಯ್ತು. 1/500ರಂಥ ವೇಗಕ್ಕೆ ಇದು ನಡೆಯುವುದಿಲ್ಲ, ಅಲ್ಲಿ ಎರಡು ಸದ್ದೂ ಬೆರೆತುಹೋಗುತ್ತವೆ.

ಒಂದು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋಗಲ್ವಾ ಅಂತ ಕೇಳುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ ಬಿಟ್ಟಲ್ಲೇ ಇರುವುದಿಲ್ಲ, ಹರಿದು ಶಟರಿನ ಬಟ್ಟೆಗೂ ಹತ್ತಬಹುದು.

ಇನ್ನು ಬೆಳಕು ಅಳೆಯುವ ಲೈಟ್ ಮೀಟರ್. ಇದನ್ನು 1.35 ವೋಲ್ಟಿನ ಪಾದರಸದ ಸೆಲ್‌ಗೆಂದು ಮಾಡಿದ್ದರು. ಪಾದರಸ ವಿಷ, ಆ ಸೆಲ್ಲುಗಳು ಈಗ ಬರುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಸೆಲ್ ಹಾಕಿದರೆ ಇಲ್ಲದ ಬೆಳಕನ್ನೂ ಮೀಟರಿನ ಮುಳ್ಳು ತೋರಿಸುತ್ತದೆ. ಅದನ್ನು ನಂಬಿದರೆ ಫೋಟೋ ಕಪ್ಪು. ಸೆಲ್ ಹಳತಾದಂತೆ ವೋಲ್ಟೇಜ್ ಇಳಿದು ತಪ್ಪಿನ ಲೆಕ್ಕವೂ ಬದಲಾಗುತ್ತದೆ, ಅದೇ ಹೆಚ್ಚಿನ ತಲೆನೋವು. ನಾನು ಶ್ರವಣ ಸಾಧನಕ್ಕೆ ಹಾಕುವ ಜಿಂಕ್ ಏರ್ ಸೆಲ್ ಬಳಸುತ್ತೇನೆ. ಸುಮಾರು 1.4 ವೋಲ್ಟ್, ಕೊನೆಯವರೆಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸ್ಟಿಕರ್ ಕಿತ್ತು ಗಾಳಿ ತಾಗಿದ ಮೇಲೆ ಬಳಸದಿದ್ದರೂ ಸವೆಯುತ್ತದೆ, ಅದೊಂದೇ ಕೊರತೆ. ಮುಳ್ಳು ಮಲಗಿದ ದಿನ ಬಿಸಿಲಿನ ಲೆಕ್ಕ ಇದ್ದೇ ಇದೆ: ಒಳ್ಳೇ ಬಿಸಿಲಿಗೆ ಲೆನ್ಸಿನ ಕಿಂಡಿ ಎಫ್16, ಐಎಸ್‌ಒ 100ರ ಫಿಲಂ ಆದರೆ ಶಟರ್ 1/125.

1/1000 ನನ್ನದರಲ್ಲಿ ಇದೆ ಎನ್ನುವುದನ್ನೇ ಬಿಟ್ಟಿದ್ದೇನೆ. ಆ ವೇಗದಲ್ಲಿ ಶಟರಿನ ಎರಡು ಬಟ್ಟೆ ಪರದೆಗಳು ಸಮನಾಗಿ ಓಡದೆ ಫೋಟೋದ ಒಂದು ಅಂಚು ಕಪ್ಪಾಗುತ್ತದೆ. 1/500 ನನಗೆ ಸಾಕು.

ಎಲ್ಲವನ್ನೂ ಹೀಗೆ ಸಹಿಸಿಕೊಂಡು ಹೋಗಬೇಕಿಲ್ಲ. ಹಿಂಬಾಗಿಲ ಅಂಚಿನ ಕಪ್ಪು ಫೋಮ್ ಕರಗಿ ಟಾರಿನಂತೆ ಕೈಗೆ ಹತ್ತುತ್ತಿತ್ತು. ಅಲ್ಲಿಂದ ಬೆಳಕು ನುಸುಳಿ ಕಲರ್ ರೋಲಿನಲ್ಲಿ ಕೆಂಪು ಕಿತ್ತಳೆ ಗೆರೆಗಳು ಬಂದವು. ಕೆಲವರಿಗೆ ಆ ಗೆರೆಗಳೇ ಇಷ್ಟ. ನನಗೆ ಅವು ಮುಖದ ಮೇಲೆ ಬಿದ್ದಾಗ ಸಂಕಟವಾಗುತ್ತದೆ, ಆ ಮುಖವನ್ನು ನೋಡಿ ತೆಗೆದ ಫೋಟೋ ಅದು. ಹಳೇ ಫೋಮನ್ನು ಸ್ಪಿರಿಟ್ ತಾಗಿಸಿದ ಕಡ್ಡಿಯಿಂದ ಕೆರೆದು, ಒಂದು ತುಣುಕೂ ಶಟರಿನ ಮೇಲೆ ಬೀಳದಂತೆ ನೋಡಿಕೊಂಡು, ಹೊಸದು ಅಂಟಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಎಷ್ಟು ಫೋಟೋ ಆಯ್ತೆಂದು ತೋರಿಸುವ ಎಣಿಕೆಯ ಡಯಲ್ ಕೂಡ ಮಧ್ಯದಲ್ಲಿ ನಿಲ್ಲುತ್ತದೆ. ಅದಕ್ಕೇ ಫಿಲಂ ಮುಂದೆ ಸರಿಸುವ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿಯನ್ನು ನೋಡುತ್ತೇನೆ. ಅದು ತಿರುಗಿದರೆ ಫಿಲಂ ಓಡುತ್ತಿದೆ ಅಂತ ಅರ್ಥ. ಲಿವರ್ ಬಿಗಿಯಾದರೆ ರೋಲ್ ಮುಗಿದಿದೆ, ಅಲ್ಲಿ ಜೋರು ಮಾಡಿದರೆ ಫಿಲಮ್ಮಿನ ತೂತುಗಳು ಹರಿಯುತ್ತವೆ.

ಈಗ ಕಣ್ಣಿಟ್ಟಿರುವುದು ಫ್ರೇಮುಗಳ ನಡುವಿನ ಜಾಗದ ಮೇಲೆ. ಪ್ರತಿ ಫೋಟೋಗೂ ಫಿಲಂ ಎಂಟು ತೂತು, ಅಂದರೆ 38 ಮಿಲಿಮೀಟರ್ ಸರಿಯಬೇಕು. ಫೋಟೋ 36 ಮಿಲಿಮೀಟರ್, ಉಳಿದ ಎರಡು ಖಾಲಿ. ನನ್ನ ನೆಗೆಟಿವ್‌ಗಳಲ್ಲಿ ಆ ಖಾಲಿ ಜಾಗ ಒಂದು ಕಡೆ ಅಗಲ, ಇನ್ನೊಂದು ಕಡೆ ಕೂದಲೆಳೆಯಷ್ಟು. ಒಂದು ಫೋಟೋ ಇನ್ನೊಂದರ ಮೇಲೆ ಹತ್ತಿದ ದಿನ ಮೆಕ್ಯಾನಿಕ್ ಹತ್ತಿರ ಕೊಡುತ್ತೇನೆ. ಆಗ ಒಣಗಿದ ಗ್ರೀಸನ್ನೂ ತೊಳೆಸಿಬಿಡಬೇಕು.