ಹೇಳೋದು ಮಾಟುಂಗಾ, ಇರೋದು ಆಂಟಾಪ್ ಹಿಲ್

ಊರಲ್ಲಿ ಯಾರು ಕೇಳಿದರೂ ನಮ್ಮವರು "ನಾವಿರೋದು ಮುಂಬೈಯ ಮಾಟುಂಗಾ" ಅಂದುಬಿಡುತ್ತಾರೆ. ಅವರು ದುಡಿಯುವ ಹೋಟೆಲ್ ಅಲ್ಲಿದೆ, ಅಷ್ಟೇ. ನಾವು ಮಲಗುವುದು ಆಂಟಾಪ್ ಹಿಲ್‌ನ ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ. ಆದರೆ ಪಾಲಿಕೆಯ ಲೆಕ್ಕದಲ್ಲಿ ಎರಡೂ ಒಂದೇ, ಎಫ್ ನಾರ್ತ್ ವಾರ್ಡು. ಸಾಯನ್, ವಡಾಲಾ ಕೂಡ ಅದರೊಳಗೇ ಬರುತ್ತವೆ. ಹಾಗಾಗಿ ಗಂಡ ಹೇಳೋದು ಪೂರ್ತಿ ಸುಳ್ಳೂ ಅಲ್ಲ.

ದೀಪಾವಳಿ ಕಳೆದ ಮೇಲೆ ಅತ್ತೆ ಕುಂದಾಪುರದಿಂದ ಬಂದರು. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಖೋಲಿ. ಮೂಲೆಯಲ್ಲಿ ಮೋರಿ. ಪಾತ್ರೆ, ಬಟ್ಟೆ, ಸ್ನಾನ ಎಲ್ಲ ಅಲ್ಲೇ. ಮೇಲೆ ಪೋಟ್‌ಮಾಳಾ, ಅಂದರೆ ಅಟ್ಟ, ಹತ್ತೋಕೆ ಕಬ್ಬಿಣದ ಏಣಿ. ಮಗ ಅಲ್ಲಿ ಓದುತ್ತಾನೆ. ಎದ್ದು ನಿಂತರೆ ತಲೆ ತಗಡಿಗೆ ಬಡಿಯುತ್ತದೆ, ಅದಕ್ಕೆ ಅವನು ಮೇಲೆ ನಿಲ್ಲೋದೇ ಬಿಟ್ಟಿದ್ದಾನೆ. ಅತ್ತೆ ಸುತ್ತ ಒಮ್ಮೆ ನೋಡಿ, "ನಮ್ಮ ದನದ ಹಟ್ಟಿ ಇದಕ್ಕಿಂತ ದೊಡ್ಡದಿತ್ತಲ್ಲ ಮಾರಾಯ್ತಿ" ಅಂದರು. ನನಗೆ ಕೋಪ ಬರಲಿಲ್ಲ. ಹಟ್ಟಿ ನಿಜವಾಗಿಯೂ ದೊಡ್ಡದಿತ್ತು.

ನೀರು ಬರೋದು ಬೆಳಿಗ್ಗೆ ಐದಕ್ಕೆ, ಮುಕ್ಕಾಲು ಗಂಟೆ. ಮೂರನೇ ದಿನ ನಾನು ಏಳುವ ಮೊದಲೇ ಅತ್ತೆ ಪೈಪು ಹಿಡಿದು ಡ್ರಮ್ಮಿನ ಪಕ್ಕ ನಿಂತಿದ್ದರು. ಪಕ್ಕದ ಖೋಲಿಯ ಮರಾಠಿ ಆಯಿ ಜೊತೆ ಕೈಸನ್ನೆಯಲ್ಲೇ ಜಗಳವೂ ಆಗಿತ್ತು, ರಾಜಿಯೂ ಆಗಿತ್ತು.

ಭಾನುವಾರ ಅವರಿಗೆ ನಿಜವಾದ ಮಾಟುಂಗಾ ತೋರಿಸಲು ಹೊರಟೆವು. ಬಸ್ಸಿಳಿದು ಫೈವ್ ಗಾರ್ಡನ್ಸ್ ಕಡೆ ನಡೆದರೆ ಅಗಲ ರಸ್ತೆ, ಎರಡೂ ಕಡೆ ದೊಡ್ಡ ಮರ, ಮನೆ ಮನೆಗೂ ನಡುವೆ ಗಾಳಿ ಆಡುವಷ್ಟು ಜಾಗ. ಅತ್ತೆ ಮೆಲ್ಲಗೆ ಕೇಳಿದರು, "ಇಲ್ಲಿ ಜನ ಇಲ್ವಾ?" ಇದ್ದಾರೆ ಅತ್ತೆ, ಒಬ್ಬೊಬ್ಬರಿಗೆ ಜಾಗ ಜಾಸ್ತಿ, ಅಷ್ಟೇ ಅಂದೆ. 1896ರಲ್ಲಿ ಮುಂಬೈಗೆ ಪ್ಲೇಗ್ ಬಡಿಯಿತು. ಇಕ್ಕಟ್ಟಿನ ಚಾಳುಗಳಲ್ಲಿ ಜನ ಸತ್ತರು. ಅದಕ್ಕೇ 1898ರಲ್ಲಿ ಬ್ರಿಟಿಷರು ಊರು ಸುಧಾರಿಸೋಕೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿ, ದಾದರ್, ಮಾಟುಂಗಾದಲ್ಲಿ ಗೆರೆ ಎಳೆದು ಬಡಾವಣೆ ಹಾಕಿದರು. ಜನ ಒತ್ತೊತ್ತಾಗಿ ಬದುಕಬಾರದು ಅಂತ ಶುರುವಾದ ಜಾಗ ಇದು. ಇದೇ ವಾರ್ಡಿನಲ್ಲಿ ನಮ್ಮ ಮೋರಿ, ಪೋಟ್‌ಮಾಳಾ. ನಗು ಬರುತ್ತೆ, ಅಲ್ವಾ?

ಮಧ್ಯಾಹ್ನ ಸ್ಟೇಷನ್ ಪಕ್ಕದ ರಾಮ ನಾಯಕ್ ಬೋರ್ಡಿಂಗಿನಲ್ಲಿ ಬಾಳೆಲೆ ಊಟ. 1942ರಿಂದ ನಡೆಯುತ್ತಿರುವ ಜಾಗ. ಸಾರು ಸುರಿದುಕೊಂಡ ಮೇಲೆ ಅತ್ತೆ ಹಟ್ಟಿಯ ಮಾತು ಎತ್ತಲಿಲ್ಲ. ಆಮೇಲೆ ಮಾಟುಂಗಾ ಸ್ಟೇಷನ್ ತೋರಿಸಿದೆ. 2017ರಿಂದ ಅಲ್ಲಿ ಟಿಕೆಟ್ ಕೊಡುವವರಿಂದ ಹಿಡಿದು ಎಲ್ಲರೂ ಹೆಂಗಸರೇ. ಅತ್ತೆಗೆ ಬಾಳೆಲೆಗಿಂತ ಇದೇ ಇಷ್ಟವಾಯಿತು. ಕೌಂಟರ್ ಎದುರು ಸುಮ್ನೆ ನಿಂತು ನೋಡಿದರು.

ವಾಪಸ್ ಬರುವಾಗ ಸಾಯನ್ ಕೋಳಿವಾಡಾ ಮೇಲಿಂದ ಬಂದೆವು. ದೇಶ ಇಬ್ಭಾಗವಾದಾಗ ಬಂದ ಪಂಜಾಬಿಗಳು ನೆಲೆ ನಿಂತ ಜಾಗ. ಈಗ ಸ್ಟೇಷನ್ನಿಗೂ ಗುರು ತೇಗ್ ಬಹಾದ್ದೂರ್ ನಗರ ಅಂತಲೇ ಹೆಸರು. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಚಟ್ಲಿ, ಅಂದರೆ ಸಿಗಡಿ, ತಿನ್ನಿಸಿದೆ. "ಖಾರ ಸಾಲ" ಅಂದರು, ಇನ್ನೊಂದು ಪ್ಲೇಟ್ ತರಿಸಿದರು.

ಹದಿನೈದು ದಿನಕ್ಕೆ ಊರಿಗೆ ಹೋದರು. ಈಗ ದಿನಾ ಬೆಳಿಗ್ಗೆ ಐದೂ ಕಾಲಿಗೆ ಫೋನ್ ರಿಂಗಾಗುತ್ತದೆ. ನಾನು ಒಂದು ಕೈಯಲ್ಲಿ ಪೈಪು ಹಿಡಿದೇ ಎತ್ತುತ್ತೇನೆ. ಕ್ಷೇಮ ಆಮೇಲೆ, ಮೊದಲು ಕೇಳೋದು ಒಂದೇ: "ನೀರ್ ಬಂತಾ?"