ಸಮತಟ್ಟು ನೆಲದಲ್ಲಿ ಸಿಗದ ಗಾಳಿ ಸೋರಿಕೆ

ನಾನು ಬೆಂಗಳೂರಿನ ಒಂದು ಬಸ್ ವರ್ಕ್‌ಶಾಪಿನಲ್ಲಿ ಏರ್ ಲೈನ್ ಕೆಲಸ ಮಾಡುತ್ತೇನೆ. ಬ್ರೇಕು, ಸಸ್ಪೆನ್ಷನ್, ಬಾಗಿಲು, ಗಾಳಿಯಿಂದ ನಡೆಯುವುದೆಲ್ಲ ನನ್ನ ಪಾಲಿಗೆ ಬರುತ್ತದೆ. ಹೋದ ಚಳಿಗಾಲ ಒಂದು ವ್ಯಾನಿಟಿ ವ್ಯಾನ್, ಅಂದರೆ ಶೂಟಿಂಗಿನಲ್ಲಿ ಕಲಾವಿದರು ಉಳಿದುಕೊಳ್ಳುವ ಗಾಡಿ, ಒಂದೇ ದೂರಿಗೆ ಮೂರು ಸಲ ನಮ್ಮಲ್ಲಿಗೆ ಬಂತು. ಆ ಮೂರು ಸಲದ ಕಥೆ ಬರೆಯಬೇಕು ಅಂತ ಆವಾಗಿನಿಂದ ಅಂದುಕೊಳ್ಳುತ್ತಿದ್ದೆ.

ಗಾಡಿ ಮೊದಲು ಏರ್ ಸಸ್ಪೆನ್ಷನ್ ಇರುವ ದೂರದೂರಿನ ಬಸ್ಸಾಗಿತ್ತು. ಅಂದರೆ ಸ್ಪ್ರಿಂಗ್ ಪಟ್ಟಿಯ ಬದಲು ಬೆಲ್ಲೋ ಅನ್ನುವ, ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಬಾಡಿ ಕೂರುತ್ತದೆ. ಸೀಟೆಲ್ಲ ತೆಗೆದು ಒಳಗೆ ಎರಡು ರೂಮು, ಬಾತ್‌ರೂಮು, ಫ್ರಿಜ್ಜು, ಎಸಿ, ಜನರೇಟರ್ ಕೂರಿಸಿ ಓಡಾಡುವ ಮನೆ ಮಾಡಿದ್ದಾರೆ. ಶೂಟಿಂಗ್ ಜಾಗದಲ್ಲಿ ನೆಲ ಎಲ್ಲಿ ಸಮ ಇರುತ್ತದೆ ಹೇಳಿ? ಗುಡ್ಡ, ತೋಟ, ಹೊಲದ ಬದು. ಅದಕ್ಕೇ ಹೊರದೇಶದ ಒಂದು ಲೆವೆಲಿಂಗ್ ಕಿಟ್ ಹಾಕಿಸಿದ್ದರು. ನಿಲ್ಲಿಸಿದ ಮೇಲೆ ಒಂದು ಬಟನ್ ಒತ್ತಿದರೆ ತಗ್ಗಿರುವ ಮೂಲೆಗೆ ಗಾಳಿ ತುಂಬಿ, ಎತ್ತರ ಇರುವ ಮೂಲೆಯಿಂದ ಗಾಳಿ ಬಿಟ್ಟು, ಒಳಗಿನ ನೆಲವನ್ನು ಸಮ ಮಾಡುತ್ತದೆ.

ಡ್ರೈವರ್ ಹೇಳಿದ ದೂರು ಸರಳವಾಗಿತ್ತು. 'ರಾತ್ರಿ ಲೆವೆಲ್ ಮಾಡಿ ಮಲಗಿದರೆ ಬೆಳಿಗ್ಗೆ ಹಿಂದಿನ ಎಡಗಡೆ ಕೂತಿರುತ್ತೆ. ಬಾತ್‌ರೂಮಿನ ನೀರು ರೂಮಿಗೆ ಬರುತ್ತೆ.'

ಕೆಲಸ ಶುರು ಮಾಡುವ ಮುಂಚಿನ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಏರ್ ಸಸ್ಪೆನ್ಷನ್ ಗಾಡಿಯ ಕೆಳಗೆ ಬರೀ ಗಾಳಿಯನ್ನು ನಂಬಿ ಹೋಗಬೇಡಿ. ಬೆಲ್ಲೋ ಒಡೆದರೆ, ಪೈಪು ಕಿತ್ತುಕೊಂಡರೆ, ಅಥವಾ ಯಾರೋ ಮೇಲೆ ಕೂತು ಸುಮ್ನೆ ಬಟನ್ ಒತ್ತಿದರೂ ಸಾಕು, ಬಾಡಿ ಸೀದಾ ಕೊನೆಯ ತಡೆಯಾದ ಬಂಪ್ ಸ್ಟಾಪ್ ಮೇಲೆ ಬಂದು ಕೂರುತ್ತದೆ, ಆಮೇಲೆ ಉಳಿಯುವ ಸಂದಿಯಲ್ಲಿ ಮನುಷ್ಯನ ತಲೆ ಹಿಡಿಯುವುದಿಲ್ಲ. ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಆಮೇಲೆ ಕೆಳಗೆ. ನನ್ನ ಉಸ್ತಾದ್ ಮೊದಲ ದಿನ ಸ್ಪ್ಯಾನರ್ ಕೊಡುವ ಮುಂಚೆ ಹೇಳಿದ್ದು ಇದನ್ನೇ. ನಾನೂ ಹುಡುಗರಿಗೆ ಮೊದಲು ಹೇಳುವುದು ಇದನ್ನೇ.

ಮೊದಲ ಸಲ ಗಾಡಿಯನ್ನು ನಮ್ಮ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಗಾಳಿ ಟ್ಯಾಂಕ್ ತುಂಬಿಸಿ, ಎಲ್ಲ ಜಾಯಿಂಟಿಗೂ ಸೋಪು ನೀರು ಹಾಕಿದೆ. ಎಲ್ಲೂ ಗುಳ್ಳೆ ಇಲ್ಲ. ಹಿಂದಿನ ಎಡಗಡೆಯ ಎರಡು ಬೆಲ್ಲೋಗಳ ಮೇಲೆ ಸಣ್ಣ ಬಿರುಕು ಕಾಣುತ್ತಿದ್ದವು. ಅದೇ ಕಾರಣ ಅಂದುಕೊಂಡು ಎರಡನ್ನೂ ಬದಲಾಯಿಸಿದೆ. ಅದು ತಪ್ಪು. ಬಿಸಿಲು ಧೂಳಿಗೆ ಮೇಲಿನ ರಬ್ಬರ್ ಬಿರಿಯುವುದು ಬೇರೆ, ಒಳಗಿನ ದಾರ ಕಾಣುವಷ್ಟು ಆಳ ಬಿರಿಯುವುದು ಬೇರೆ. ಹಳೆಯ ಬೆಲ್ಲೋದಲ್ಲಿ ದಾರ ಕಾಣುತ್ತಿರಲಿಲ್ಲ, ಗುಳ್ಳೆಯೂ ಬಂದಿರಲಿಲ್ಲ. ಸಾಕ್ಷಿ ಇಲ್ಲದೆ ಓನರ್ ದುಡ್ಡು ಖರ್ಚು ಮಾಡಿಸಿದೆ.

ಎರಡು ವಾರಕ್ಕೆ ಸಕಲೇಶಪುರದಿಂದ ಡ್ರೈವರ್ ವಿಡಿಯೋ ಕಳಿಸಿದ. ಮತ್ತೆ ಅದೇ ಮೂಲೆ ಕೂತಿದೆ, ಹಿಂದಿನ ಎಡಗಡೆಯ ಲೆವೆಲಿಂಗ್ ವಾಲ್ವ್‌ನಿಂದ ಸಣ್ಣಗೆ 'ಸ್ಸ್' ಅಂತ ಗಾಳಿ ಹೋಗುವ ಸದ್ದು.

ಈ ವಾಲ್ವ್ ಏನು ಮಾಡುತ್ತದೆ ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇದು ಕಿಟ್‌ನದಲ್ಲ, ಬಸ್ಸಿನದೇ. ಚಾಸಿಸ್‌ನಲ್ಲಿ ಇರುತ್ತದೆ. ಇದರಿಂದ ಒಂದು ತೋಳು ಬಂದು ಕಡ್ಡಿಯ ಮೂಲಕ ಆಕ್ಸಲ್‌ಗೆ ಸೇರಿರುತ್ತದೆ. ಬಾಡಿ ಕೆಳಗೆ ಬಂದರೆ ತೋಳು ಮೇಲಕ್ಕೆ ತಿರುಗಿ ಬೆಲ್ಲೋಗೆ ಗಾಳಿ ಕೊಡುತ್ತದೆ. ಬಾಡಿ ಮೇಲೆ ಹೋದರೆ ತೋಳು ಕೆಳಕ್ಕೆ ತಿರುಗಿ ಗಾಳಿ ಹೊರಗೆ ಬಿಡುತ್ತದೆ. ಸರಿಯಾದ ಎತ್ತರದಲ್ಲಿ ಎರಡೂ ಬಂದ್. ಈ ಗಾಡಿಯಲ್ಲಿ ಹಿಂದೆ ಎರಡು, ಮುಂದೆ ಒಂದು, ಒಟ್ಟು ಮೂರು ವಾಲ್ವ್. ನಾಲ್ಕು ಯಾಕಿಲ್ಲ ಅಂತ ಹೊಸ ಹುಡುಗರು ಕೇಳುತ್ತಾರೆ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಗಟ್ಟಿಯಾಗಿ ಕೂರುತ್ತದೆ, ನಾಲ್ಕು ಕಾಲಿನದು ಒಂದಿಷ್ಟು ಹೆಚ್ಚುಕಮ್ಮಿ ಆದರೂ ಅಲುಗಾಡುತ್ತದೆ. ಇಲ್ಲೂ ಹಾಗೇ. ನಾಲ್ಕು ಹಾಕಿದರೆ ಒಂದು ತುಂಬಿದ್ದನ್ನು ಇನ್ನೊಂದು ಖಾಲಿ ಮಾಡುತ್ತಾ ಜಗಳ ಆಡುತ್ತವೆ.

ಸದ್ದು ವಾಲ್ವ್‌ನಿಂದ ಬರುತ್ತಿದೆ, ಹಾಗಾದರೆ ವಾಲ್ವ್ ಹೋಗಿದೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ ಅಲ್ವಾ? ನಾನೂ ಅಂದುಕೊಂಡೆ. ಹೊಸ ವಾಲ್ವ್ ಹಾಕಿ, ಎತ್ತರ ಅಳೆದು ಕಡ್ಡಿ ಸೆಟ್ ಮಾಡಿ, ರಾತ್ರಿಯಿಡೀ ನಮ್ಮ ಶೆಡ್ಡಿನಲ್ಲೇ ನಿಲ್ಲಿಸಿದೆ. ಬೆಳಿಗ್ಗೆ ನಾಲ್ಕೂ ಮೂಲೆ ಸರಿಯಾಗಿದ್ದವು. ಖುಷಿಯಿಂದ ಕಳಿಸಿಕೊಟ್ಟೆ. ಮೂರೇ ದಿನಕ್ಕೆ ಫೋನ್ ಬಂತು.

ಮೂರನೇ ಸಲ ಗಾಡಿ ಬಂದಾಗ ಸ್ಪ್ಯಾನರ್ ಮುಟ್ಟಲಿಲ್ಲ. ಡ್ರೈವರ್‌ಗೆ ಟೀ ತರಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಎಲ್ಲಿ ನಿಲ್ಲಿಸುತ್ತೀರಿ, ಯಾವ ಕಡೆ ಇಳಿಜಾರು ಇರುತ್ತೆ, ಕೂತ ಮೇಲೆ ಏನು ಮಾಡುತ್ತೀರಿ ಅಂತ ಒಂದೊಂದೇ ಕೇಳಿದೆ. ಅವನು ಹೇಳಿದ, ಬಾತ್‌ರೂಮಿನ ಕೊಳೆ ನೀರಿನ ಪೈಪು ಎಡಗಡೆ ಹಿಂದೆ ಇದೆ, ಅದಕ್ಕೇ ಆ ಮೂಲೆ ಯಾವಾಗಲೂ ತಗ್ಗಿನ ಕಡೆ ಬರುವ ಹಾಗೆ ನಿಲ್ಲಿಸುತ್ತೇನೆ. ಕೂತುಬಿಟ್ಟರೆ ಬೆಳಿಗ್ಗೆ ಮೂರು ನಾಲ್ಕು ನಿಮಿಷ ಇಂಜಿನ್ ಹಾಕಿ ಎತ್ತಿಸಿ ಆಫ್ ಮಾಡುತ್ತೇನೆ.

ಈ ಎರಡು ಮಾತಿನಲ್ಲೇ ಪೂರ್ತಿ ಉತ್ತರ ಇತ್ತು.

ತಗ್ಗಿನಲ್ಲಿ ನಿಂತ ಮೂಲೆಯನ್ನು ಕಿಟ್ ಮಾಮೂಲಿ ಎತ್ತರಕ್ಕಿಂತ ಮೇಲೆ ಎತ್ತುತ್ತದೆ. ಆಗ ಲೆವೆಲಿಂಗ್ ವಾಲ್ವ್‌ಗೆ ಏನು ಕಾಣುತ್ತದೆ? ಬಾಡಿ ಜಾಸ್ತಿ ಮೇಲೆ ಹೋಗಿದೆ ಅಂತ. ಅದು ಗಾಳಿ ಹೊರಗೆ ಬಿಡುವ ಎಕ್ಸಾಸ್ಟ್ ಬಾಯಿ ತೆರೆದುಕೊಂಡು ಕೂತಿರುತ್ತದೆ. ಅದರ ಕೆಲಸವೇ ಅದು. ಹಾಗೆ ಗಾಳಿ ಹೋಗಬಾರದು ಅಂತಲೇ ಕಿಟ್ ಬೆಲ್ಲೋಗೂ ಆ ವಾಲ್ವ್‌ಗೂ ನಡುವೆ ಒಂದು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ನಡೆಯುವ ವಾಲ್ವ್, ಇಟ್ಟಿದೆ. ಗಾಡಿ ಓಡುವಾಗ ಅದು ತೆರೆದಿರುತ್ತದೆ, ನಿಲ್ಲಿಸಿ ಲೆವೆಲ್ ಬಟನ್ ಒತ್ತಿದರೆ ಅಥವಾ ಕೀ ತೆಗೆದರೆ ಮುಚ್ಚಿಕೊಳ್ಳುತ್ತದೆ. ಆ ಮೂಲೆಯ ಗಾಳಿಯನ್ನು ರಾತ್ರಿಯೆಲ್ಲ ಹಿಡಿದಿಡುವುದು ಅದರೊಳಗಿನ ಒಂದು ಸಣ್ಣ ರಬ್ಬರ್ ಸೀಲ್ ಮಾತ್ರ. ನಮ್ಮ ಶೆಡ್ಡಿನ ನೆಲ ಸಮ ಇದೆ. ಅಲ್ಲಿ ಬಾಡಿ ಮಾಮೂಲಿ ಎತ್ತರದಲ್ಲೇ ಇರುತ್ತದೆ, ಲೆವೆಲಿಂಗ್ ವಾಲ್ವ್ ತಾನೇ ಬಂದ್ ಆಗಿರುತ್ತದೆ, ಸೀಲ್ ಪೂರ್ತಿ ಹಾಳಾಗಿದ್ದರೂ ಗಾಳಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ನನ್ನ ಎರಡು ಟೆಸ್ಟೂ ಪಾಸಾಗಿದ್ದು ಅದಕ್ಕೇ.

ಮರದ ದಪ್ಪ ಹಲಗೆಗಳನ್ನು ತಂದು ಮುಂದಿನ ಎರಡು ಚಕ್ರ ಮತ್ತು ಹಿಂದಿನ ಬಲಗಡೆಯ ಚಕ್ರಗಳನ್ನು ಅದರ ಮೇಲೆ ಹತ್ತಿಸಿದೆವು. ಈಗ ಹಿಂದಿನ ಎಡಗಡೆ ಮಾತ್ರ ತಗ್ಗು, ಥೇಟ್ ಸಕಲೇಶಪುರ. ಲೆವೆಲ್ ಬಟನ್ ಒತ್ತಿ, ಕೀ ತೆಗೆದು, ನಾಲ್ಕೂ ಚಕ್ರದ ಮೇಲೆ ಬಾಡಿಗೆ ಟೇಪ್ ಅಂಟಿಸಿ ಆಕ್ಸಲ್ ನಡುವಿನಿಂದ ಎತ್ತರ ಅಳೆದು ಬರೆದುಕೊಂಡೆ. ಲೆವೆಲಿಂಗ್ ವಾಲ್ವ್‌ನ ಎಕ್ಸಾಸ್ಟ್ ಬಾಯಿಗೆ ಸೋಪು ನೀರು ಸವರಿದರೆ ದೊಡ್ಡ ಗುಳ್ಳೆ ನಿಧಾನಕ್ಕೆ ಊದಿಕೊಂಡಿತು. ಒಂದು ಗಂಟೆಯಲ್ಲಿ ಆ ಮೂಲೆ 11 ಮಿಲಿಮೀಟರ್ ಇಳಿಯಿತು. ಮತ್ತೆ ಎತ್ತಿಸಿ, ಸ್ಟ್ಯಾಂಡ್ ಕೊಟ್ಟು, ಸೊಲೆನಾಯ್ಡ್‌ನಿಂದ ಲೆವೆಲಿಂಗ್ ವಾಲ್ವ್‌ಗೆ ಹೋಗುವ ಪೈಪು ಬಿಚ್ಚಿದೆ. ಸೊಲೆನಾಯ್ಡ್ ಬಾಯಿಂದಲೇ ಗಾಳಿ ಬರುತ್ತಿತ್ತು. ಅಲ್ಲಿಗೆ ಸಂಶಯ ಮುಗಿಯಿತು.

ಬಿಚ್ಚಿ ನೋಡಿದರೆ ಸೀಲ್ ಗಟ್ಟಿಯಾಗಿ ಅದರ ಮೇಲೆ ಗೆರೆ ಬಿದ್ದಿತ್ತು, ಸುತ್ತ ಬಿಳಿ ಪುಡಿ. ಆ ಪುಡಿ ನೋಡಿದ ಮೇಲೆ ಸೀಲ್ ಮಾತ್ರ ಬದಲಾಯಿಸಿ ಬಿಡಲು ಮನಸ್ಸಾಗಲಿಲ್ಲ. ಅದು ಏರ್ ಡ್ರೈಯರ್ ಒಳಗಿನ ನೀರು ಹೀರುವ ಕಾಳು ಪುಡಿಯಾಗಿ ಬಂದದ್ದು. ಟ್ಯಾಂಕಿನ ಡ್ರೈನ್ ತೆಗೆದರೆ ಹಾಲು ಹಾಕಿದ ಟೀ ಬಣ್ಣದ ನೀರು ಸುರಿಯಿತು. ಎಣ್ಣೆ ನೀರು ಎರಡೂ ಸೇರಿ.

ಇಲ್ಲೇ ಡ್ರೈವರ್‌ನ ಎರಡನೇ ಮಾತು. ಇಂಜಿನ್ ಜೊತೆ ಓಡಿ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಪೂರ್ತಿ ಪ್ರೆಷರ್ ಮುಟ್ಟಿ ಕಟ್ ಆಫ್ ಆದಾಗ ಡ್ರೈಯರ್ 'ಪುಸ್' ಅಂತ ಗಾಳಿ ಬಿಡುತ್ತದೆ. ನೀವೂ ಬಸ್ ಪಕ್ಕ ನಿಂತಾಗ ಕೇಳಿರುತ್ತೀರಿ. ಆ ಪುಸ್ ಮತ್ತು ಅದರ ಹಿಂದೆಯೇ ಕೆಲವು ಸೆಕೆಂಡ್ ವಾಪಸ್ ಹರಿಯುವ ಒಣ ಗಾಳಿಯಲ್ಲೇ ಕಾಳು ಹೀರಿಕೊಂಡ ನೀರು ಹೊರಗೆ ಹೋಗಿ ಅದು ಮತ್ತೆ ಒಣಗುವುದು. ಮೂರು ನಾಲ್ಕು ನಿಮಿಷ ಇಂಜಿನ್ ಹಾಕಿ ಆಫ್ ಮಾಡಿದರೆ ಈ ಗಾಡಿಯ ಪ್ರೆಷರ್ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಡ್ರೈಯರ್ ಒದ್ದೆಯಾಗೇ ಇರುತ್ತಿತ್ತು, ಒದ್ದೆ ಗಾಳಿ ಸೀಲ್ ತನಕ ಹೋಗುತ್ತಿತ್ತು, ಸೀಲ್ ಸೋರುತ್ತಿತ್ತು, ಸೋರಿತು ಅಂತ ಅವನು ಮತ್ತೆ ಮೂರು ನಿಮಿಷ ಇಂಜಿನ್ ಹಾಕುತ್ತಿದ್ದ. ಅವನದೇನೂ ತಪ್ಪಿಲ್ಲ. ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ, ಡೀಸೆಲ್ ಉಳಿಸುತ್ತಿದ್ದ ಅಷ್ಟೇ.

ಡ್ರೈಯರ್ ಕಾರ್ಟ್ರಿಡ್ಜ್ ಹೊಸದು ಹಾಕಿದೆ. ಟ್ಯಾಂಕುಗಳನ್ನೆಲ್ಲ ಖಾಲಿ ಮಾಡಿ, ಪೈಪುಗಳಿಗೆ ಒಣ ಗಾಳಿ ಊದಿ, ಆ ಮೂಲೆಯ ಸೊಲೆನಾಯ್ಡ್‌ಗಳ ಸೀಲ್ ಎಲ್ಲ ಬದಲಾಯಿಸಿದೆ. ಡ್ರೈವರ್‌ಗೆ ಎರಡೇ ಮಾತು ಹೇಳಿದೆ. ಇಂಜಿನ್ ಹಾಕಿದರೆ ಪುಸ್ ಅನ್ನುವ ತನಕ ಆಫ್ ಮಾಡಬೇಡ. ವಾರಕ್ಕೊಂದು ಸಲ ಟ್ಯಾಂಕ್ ಡ್ರೈನ್ ಎಳೆ. ಓನರ್‌ಗೆ ನಡೆದದ್ದನ್ನು ಇದ್ದ ಹಾಗೇ ಹೇಳಿ, ಮೊದಲ ಎರಡು ಸಲದ ಲೇಬರ್ ಹಣ ವಾಪಸ್ ಕೊಡಿಸಿದೆ. ತೆಗೆದಿಟ್ಟಿದ್ದ ಹಳೆಯ ಲೆವೆಲಿಂಗ್ ವಾಲ್ವ್ ಚೆನ್ನಾಗೇ ಇತ್ತು, ಅದನ್ನು ಸ್ಪೇರ್ ಆಗಿ ಗಾಡಿಯಲ್ಲೇ ಇಟ್ಟು ಕಳಿಸಿದೆ.

ಮೊದಲ ರಾತ್ರಿಯ ಅಳತೆ ಕಳಿಸು ಅಂದಿದ್ದೆ. ಬೆಳಿಗ್ಗೆ ಆರಕ್ಕೆ ಫೋಟೋ ಬಂತು. ನಾಲ್ಕೂ ಮೂಲೆ 6 ರಿಂದ 8 ಮಿಲಿಮೀಟರ್ ಇಳಿದಿದೆ, ಮತ್ತೆ ಸೋರುತ್ತಿದೆಯಾ ಅಂತ ಗಾಬರಿಯಲ್ಲಿ ಕೇಳಿದ. ಇಲ್ಲ ಅಂದೆ. ಸಂಜೆ 30 ಡಿಗ್ರಿ ಇದ್ದ ಗಾಳಿ ಬೆಳಗಿನ ಜಾವ 18ಕ್ಕೆ ಬಂದರೆ ಬೆಲ್ಲೋದೊಳಗಿನ ಗಾಳಿ ಸುಮಾರು ನೂರಕ್ಕೆ ನಾಲ್ಕು ಭಾಗ ಕುಗ್ಗುತ್ತದೆ. ಆಗ ಇಡೀ ಗಾಡಿ ಒಟ್ಟಿಗೆ ಸ್ವಲ್ಪ ಇಳಿಯುತ್ತದೆ. ಒಂದೇ ಮೂಲೆ ಇಳಿದರೆ ಮಾತ್ರ ಫೋನ್ ಮಾಡು ಅಂದೆ.

ಉಳಿದ ಎರಡು ಜಾಗದ, ಅಂದರೆ ಹಿಂದಿನ ಬಲಗಡೆಯ ಮತ್ತು ಮುಂದಿನ, ಸೊಲೆನಾಯ್ಡ್‌ಗಳೂ ಅದೇ ವಯಸ್ಸಿನವು, ಅದೇ ಒದ್ದೆ ಗಾಳಿ ಕುಡಿದವು. ಶೂಟಿಂಗ್ ಬಿಡುವಿನಲ್ಲಿ ಗಾಡಿ ತರಲು ಹೇಳಿದ್ದೇನೆ. ಹಲಗೆಗಳನ್ನು ಶೆಡ್ಡಿನಲ್ಲೇ ಇಟ್ಟುಕೊಂಡಿದ್ದೇನೆ.