ಪ್ಯಾರಿಸ್ ತಲುಪದ ಟೂರ್

2024ರ ಟೂರ್ ಡಿ ಫ್ರಾನ್ಸ್‌ನ ನಕ್ಷೆ ಪ್ರಕಟವಾದಾಗ ನಾನು ಮೊದಲು ಹುಡುಕಿದ್ದು ಕೊನೆಯ ಹಂತವನ್ನು. ಒಲಿಂಪಿಕ್ಸ್ ಸಿದ್ಧತೆಯಲ್ಲಿ ಮುಳುಗಿದ್ದ ಪ್ಯಾರಿಸ್‌ಗೆ ಆ ಜುಲೈನಲ್ಲಿ ಸೈಕಲ್ ಸವಾರರನ್ನು ಬರಮಾಡಿಕೊಳ್ಳುವಷ್ಟು ಬಿಡುವಿರಲಿಲ್ಲವಾದ್ದರಿಂದ, 1903ರಲ್ಲಿ ಆರಂಭವಾದ ಈ ಸ್ಪರ್ಧೆ ಮೊದಲ ಬಾರಿಗೆ ಪ್ಯಾರಿಸ್ ಮತ್ತು ಅದರ ಆಸುಪಾಸನ್ನು ಬಿಟ್ಟು, ಮೆಡಿಟರೇನಿಯನ್ ದಡದ ನೀಸ್ ನಗರದಲ್ಲಿ ಮುಗಿಯುವುದೆಂದು ನಿಶ್ಚಯವಾಗಿತ್ತು. ಅದೂ ಸವಾರರು ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್‌ನೊಂದಿಗೆ.

ಟೈಮ್ ಟ್ರಯಲ್‌ನಿಂದ ಟೂರ್ ಮುಗಿದದ್ದು ಅದಕ್ಕೆ ಮೊದಲು 1989ರಲ್ಲಿ. ಆ ದಿನ ವರ್ಸೈಯಿಂದ ಪ್ಯಾರಿಸ್‌ವರೆಗಿನ 24.5 ಕಿ.ಮೀ. ದಾರಿಗೆ 50 ಸೆಕೆಂಡ್ ಹಿಂದಿದ್ದು ಇಳಿದ ಗ್ರೆಗ್ ಲೆಮಾಂಡ್, ಲಾರೆಂಟ್ ಫಿನ್ಯೋನನ್ನು ಇಡೀ ಟೂರ್‌ನಲ್ಲಿ ಕೇವಲ 8 ಸೆಕೆಂಡ್‌ಗಳಿಂದ ಸೋಲಿಸಿದ. ಸಂಘಟಕರ ಮನಸ್ಸಿನಲ್ಲಿ ಇದ್ದದ್ದೂ ಆ 8 ಸೆಕೆಂಡ್‌ಗಳೇ ಎಂದು ನನ್ನ ಊಹೆ.

ಜೂನ್ 29ರಂದು ಇಟಲಿಯ ಫ್ಲಾರೆನ್ಸ್‌ನಿಂದ ಹೊರಟ ದಾರಿ 21 ಹಂತಗಳದ್ದು, ಸುಮಾರು 3,500 ಕಿ.ಮೀ. ಉದ್ದದ್ದು. ಮೊದಲ ವಾರವನ್ನು ಸಾಮಾನ್ಯವಾಗಿ ಸಮತಟ್ಟು ರಸ್ತೆಗಳಿಗೂ ಕೊನೆಯ ಕ್ಷಣದ ವೇಗದಿಂದ ಗೆಲ್ಲುವ ಸ್ಪ್ರಿಂಟರ್‌ಗಳಿಗೂ ಬಿಟ್ಟುಕೊಡುವ ರೂಢಿಯನ್ನು ಮುರಿದು, ಈ ಸಲ ನಾಲ್ಕನೆಯ ದಿನವೇ 2,642 ಮೀ. ಎತ್ತರದ ಗ್ಯಾಲಿಬಿಯೆ ಕಣಿವೆದಾರಿಯನ್ನು ಇಟ್ಟಿದ್ದರು. ಅದರ ನೆತ್ತಿಯ ಸಮೀಪ ದಾಳಿ ಮಾಡಿದ ಸ್ಲೊವೇನಿಯಾದ ತಾದೇಯ್ ಪೊಗಾಚರ್, ವಲ್ವಾರ್‌ಗೆ ಇಳಿಯುವ ಹೊತ್ತಿಗೆ ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿಗೆ ಒಡೆಯನಾಗಿದ್ದ. ಮತ್ತೆ ಅದನ್ನು ಬಿಟ್ಟುಕೊಡಲೇ ಇಲ್ಲ. ಅದರ ಹಿಂದಿನ ದಿನ ಟ್ಯುರಿನ್‌ನಲ್ಲಿ ಗೆದ್ದ ಎರಿಟ್ರಿಯಾದ ಬಿನಿಯಮ್ ಗಿರ್ಮೇ, ಗ್ಯಾಲಿಬಿಯೆಯ ಮರುದಿನ ಸ್ಯಾಂ ವುಲ್ಬಾದಲ್ಲಿ ತನ್ನ 35ನೆಯ ಹಂತ ಗೆದ್ದು ಎಡ್ಡಿ ಮರ್ಕ್ಸ್‌ನ ದಾಖಲೆಯನ್ನು ದಾಟಿದ ಮಾರ್ಕ್ ಕ್ಯಾವೆಂಡಿಶ್: ಸ್ಪ್ರಿಂಟರ್‌ಗಳಿಗೂ ಆ ವಾರ ಬರಡಾಗಲಿಲ್ಲ.

ನನ್ನ ಮೆಚ್ಚಿನ ಹಂತ ಹನ್ನೊಂದನೆಯದು. ಫ್ರಾನ್ಸ್‌ನ ನಡುಭಾಗದ ಹಳೆಯ ಜ್ವಾಲಾಮುಖಿ ಬೆಟ್ಟಗಳಲ್ಲಿ 211 ಕಿ.ಮೀ. ಸಾಗಿ ಲಿಯೊರಾನ್‌ನಲ್ಲಿ ಮುಗಿಯುವ ಆ ದಾರಿಯಲ್ಲಿ ಆಲ್ಪ್ಸ್‌ನಂಥ ದೈತ್ಯ ಏರುಗಳಿಲ್ಲ; ಆದರೆ ಉಸಿರಾಡಲು ಬಿಡದೆ ಒಂದರ ಹಿಂದೊಂದು ಬರುವ ಕಡಿದಾದ ತಿಟ್ಟುಗಳಿವೆ. ಪೊಗಾಚರ್ ಒಬ್ಬನೇ ಮುಂದೆ ಹೋದಾಗ ಎಲ್ಲವೂ ಮುಗಿಯಿತೆಂದುಕೊಂಡೆ. ಏಪ್ರಿಲ್‌ನಲ್ಲಷ್ಟೇ ಬಿದ್ದು ಕೊರಳೆಲುಬು, ಪಕ್ಕೆಲುಬು ಮುರಿದುಕೊಂಡು ಶ್ವಾಸಕೋಶಕ್ಕೂ ಪೆಟ್ಟು ಮಾಡಿಕೊಂಡಿದ್ದ ಅವನ ಮುಖ್ಯ ಎದುರಾಳಿ ಯೊನಾಸ್ ವಿಂಗೆಗೋ ಅವನನ್ನು ಬೆನ್ನಟ್ಟಿ ಹಿಡಿದು, ಕೊನೆಯ ಗೆರೆಯ ಮುಂದೆ ಸ್ಪ್ರಿಂಟ್‌ನಲ್ಲೂ ಸೋಲಿಸಿದ.

ಆ ಸಸ್ಪೆನ್ಸ್ ನಾಲ್ಕು ದಿನ ಬಾಳಿತು. ಪೈರನೀಸ್‌ನ ಬೆಟ್ಟದ ತುದಿಯಲ್ಲಿ ಮುಗಿಯುವ ಎರಡು ಹಂತಗಳಲ್ಲಿ ಪೊಗಾಚರ್ ವಿಂಗೆಗೋನ ಮೇಲಿನ ತನ್ನ ಅಂತರವನ್ನು 3 ನಿಮಿಷ 9 ಸೆಕೆಂಡ್‌ಗೆ ಹಿಗ್ಗಿಸಿದ. ಅಷ್ಟಕ್ಕೆ ನಿಲ್ಲಿಸದೆ, ನಕ್ಷೆ ಬರೆದವರು ಟೈಮ್ ಟ್ರಯಲ್‌ಗೆ ಮುಂಚಿನ ಎರಡೂ ದಿನಗಳಿಗೆ ಭಾರವಾದ ಬೆಟ್ಟಗಳನ್ನೇ ಹೊರಿಸಿದ್ದರು: ಒಂದು ದಿನ 2,802 ಮೀ. ಎತ್ತರದ ಬೊನೆಟ್ ದಾಟಿ ಇಸೋಲಾ 2000ಕ್ಕೆ, ಮರುದಿನ ನೀಸ್‌ನಿಂದ ಕುಯೋಲ್‌ಗೆ. ಎರಡನ್ನೂ ಪೊಗಾಚರ್‌ನೇ ಗೆದ್ದ. ಇಲ್ಲಿಯೇ ಯೋಜನೆಯ ತಪ್ಪು ಕಾಣುತ್ತದೆ. ಬೆಟ್ಟದಲ್ಲಿ ಪ್ರಬಲನಾದವನು ನಿಮಿಷಗಟ್ಟಲೆ ಗಳಿಸಬಲ್ಲ, 33.7 ಕಿ.ಮೀ.ನ ಟೈಮ್ ಟ್ರಯಲ್ ಅಷ್ಟನ್ನು ಹಿಂದಿರುಗಿಸಲಾರದು. ನಾಟಕದ ಕೊನೆಯ ಅಂಕಕ್ಕೆ ಪರದೆ ಏಳುವ ಮೊದಲೇ ಕಥೆ ಮುಗಿದುಹೋಯಿತು.

ಮೊನಾಕೊದಿಂದ ಹೊರಟು ಲಾ ತುರ್ಬಿ ಏರಿ, ಕೋಲ್ ದೇಜ್ ದಾಟಿ ಮಸೇನಾ ಚೌಕಕ್ಕೆ ಇಳಿಯುವ ಆ ಕೊನೆಯ ದಿನದ ಆರಂಭದಲ್ಲಿ ಅಂತರ 5 ನಿಮಿಷ 14 ಸೆಕೆಂಡ್ ಇತ್ತು, ಮುಗಿಯುವಾಗ 6 ನಿಮಿಷ 17 ಸೆಕೆಂಡ್. ಲಿಯೊರಾನ್‌ನಂಥ ಏರಿಳಿತದ ದಿನವನ್ನು ಹತ್ತೊಂಬತ್ತನೆಯ ಹಂತಕ್ಕೆ ಇಟ್ಟಿದ್ದರೆ ಹೇಗಿರುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ನೀಸ್‌ನ ಹಿಂದಿರುವುದು ಆಲ್ಪ್ಸ್ ಆದ್ದರಿಂದ ಭೂಗೋಳ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ನಿಜ. ಆದರೂ ಕುಯೋಲ್ ಒಂದನ್ನಾದರೂ ಕೈಬಿಡಬಹುದಿತ್ತು.